ಪಲ್ಪರ್ ತೊಟ್ಟಿಯ ನೀರು

ಪಕ್ಕದ ಮನೆಯವರು ತಾರಸಿ ಹಾಕಿಸುತ್ತಿದ್ದಾರೆ. ಬೆಳಿಗ್ಗೆ ಕಿಟಕಿ ತೆಗೆದೊಡನೆ ಹಸಿ ಸಿಮೆಂಟಿನ ವಾಸನೆ. ಹಿಂದೆಯೇ ಕಾಫಿ ಹಣ್ಣಿನ ಸಿಪ್ಪೆ ಕೊಳೆತ ಹುಳಿ ವಾಸನೆ. ಎರಡನೆಯದು ಇಲ್ಲಿಗೆ ಬರಲು ಸಾಧ್ಯವಿಲ್ಲ. ನನ್ನ ನೆನಪು ಇಲ್ಲದ್ದನ್ನೂ ಸೇರಿಸಿಕೊಂಡೇ ಬರುತ್ತದೆ...

ಸ್ವಾತಂತ್ರ್ಯಕ್ಕೆ ಮುಂಚಿನ ಮಾತು. ಗೋಣಿಬೀಡಿನ ಆಚೆ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಲೆಕ್ಕ ಬರೆಯುವ ರೈಟರ್. ಅಮ್ಮ, ನಾನು ಇಬ್ಬರಿಗೂ ಆ ಕೆಲಸ, ಅದರ ಜೊತೆ ಸಿಕ್ಕ ಬಿಡಾರ, ಇಷ್ಟೇ ಆಧಾರ. ಕಾಫಿ ಒಣಗಿಸುವ ಮಣ್ಣಿನ ಕಣಕ್ಕೆ ಕಾಂಕ್ರೀಟು ಹಾಕಲು ಘಟ್ಟದ ಕೆಳಗಿನಿಂದ ಗಾರೆ ಮೇಸ್ತ್ರಿ ಬಂದರು. ಊಟ ನಮ್ಮಲ್ಲೇ. ಒಂದು ಪಾಲು ಸಿಮೆಂಟು, ಎರಡು ಮರಳು, ನಾಲ್ಕು ಜಲ್ಲಿ ಎಂದು ಕಲಿಸಿದವರು ಅವರು. ನನ್ನ ಅಂಗೈಯಲ್ಲಿ ಮರಳಿಟ್ಟು ಹೆಬ್ಬೆರಳಿನಿಂದ ಉಜ್ಜಿ, "ಕೈ ಕೆಂಪಾದ್ರೆ ಮಣ್ಣುಂಟು. ತೊಳೀಬೇಕು ಮಾರಾಯ್ರೆ," ಎನ್ನುತ್ತಿದ್ದರು. ಕಾಂಕ್ರೀಟು ಒಣಗಿ ಅಲ್ಲ, ನೀರು ಕುಡಿದು ಗಟ್ಟಿಯಾಗುತ್ತದಂತೆ. ಸಗಣಿ ಸಾರಿಸಿ ಬಿಸಿಲಿಗೆ ಬಿಡುವುದಷ್ಟೇ ಗೊತ್ತಿದ್ದ ನಾನು ಬಾಯಿಬಿಟ್ಟುಕೊಂಡು ಕೇಳಿದ್ದೆ.

ಒಂದು ಮೂಲೆ ಉಳಿದಿತ್ತು, ಅಷ್ಟರಲ್ಲಿ ಕೊಯ್ಲು ಶುರುವಾಯಿತು. ಹಳ್ಳದಿಂದ ನೀರು ಹೊರುತ್ತಿದ್ದ ಹೆಂಗಸರು ಹಣ್ಣು ಕೊಯ್ಯಲು ಹೋದರು. ಕಣದ ಪಕ್ಕದಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ; ಅದರ ತೊಟ್ಟಿಯಲ್ಲಿ ಬೀಜ ತೊಳೆದ ನೀರು ತುಂಬಿತ್ತು. ಉಳಿದ ಮೂಲೆಗೆ ಕಾಂಕ್ರೀಟು ಕಲಸಲು ಮೇಸ್ತ್ರಿ ಅದಕ್ಕೇ ಕೊಡ ಅದ್ದಿದರು.

"ಅಂಟು ನೀರು ಮೇಸ್ತ್ರಿಗಳೇ, ನೊಣ ಮುತ್ತುತ್ತಾ ಇದೆ," ಎಂದೆ.

"ಸಿಮೆಂಟಿಗೆ ನಾಲಗೆ ಉಂಟಾ ರೈಟರೇ? ನೀವು ಹೋಗಿ ಕಾಫಿ ಕುಡೀರಿ," ಎಂದು ನಕ್ಕರು.

ನಾಲ್ಕು ದಿನವಾದರೂ ಆ ಮೂಲೆಗೆ ಬೆರಳೊತ್ತಿದರೆ ಇಳಿಯುತ್ತಿತ್ತು. ಹಣ್ಣಿನ ಸಕ್ಕರೆ ಸೇರಿದರೆ ಸಿಮೆಂಟು ಹಿಡಿಯುವುದಿಲ್ಲವೆಂದು ನನಗೆ ಎಷ್ಟೋ ವರ್ಷದ ಮೇಲೆ ತಿಳಿಯಿತು. ಧಣಿಗಳು ಬಂದು, "ಈ ನೀರು ಹಾಕು ಅಂದೋರು ಯಾರು?" ಎಂದರು. ಮೇಸ್ತ್ರಿ ನನ್ನ ಹೆಗಲ ಮೇಲೆ ಕೈಯಿಟ್ಟರು.

"ರೈಟರು ತೋರ್ಸಿದ್ರು ಧಣಿ. ಪಾಪ, ಹುಡುಗು ಬುದ್ಧಿ."

ಈಗ ನಕ್ಕುಬಿಡುತ್ತಾರೆಂದು ಅವರ ಮುಖವನ್ನೇ ನೋಡಿದೆ. ನಗಲಿಲ್ಲ. ಕೆಲಸ ಹೋಯಿತು, ಅವತ್ತೇ ಬಿಡಾರ ಖಾಲಿ ಮಾಡಿದೆವು. ಮೇಸ್ತ್ರಿಗೆಂದು ತೆಗೆದಿಟ್ಟಿದ್ದ ಅನ್ನವನ್ನು ಏನು ಮಾಡುವುದೆಂದು ಅಮ್ಮ ಕೇಳಿದ್ದು ಮಾತ್ರ ಸರಿಯಾಗಿ ನೆನಪಿದೆ. ಉಳಿದದ್ದು... ಆ ನೊಣದ ಮಾತನ್ನು ನಾನು ತೊಟ್ಟಿಯ ಹತ್ತಿರ ಆಡಿದ್ದೆನೋ, ಗಂಟು ಕಟ್ಟುವಾಗ ಹೊಳೆಯಿತೋ? ತೊಟ್ಟಿಯ ಕಡೆಗೆ ನನ್ನದೇ ಬೆರಳು ಚಾಚಿದಂತೆಯೂ ಕೆಲವು ಸಲ ಕಾಣುತ್ತದೆ.

ಇವತ್ತು ಪಕ್ಕದವರ ಮರಳು ಹಿಡಿದು ಅಂಗೈಯಲ್ಲಿ ಉಜ್ಜಿದೆ. ಕೆಂಪಾಯಿತು. "ತೊಳೀಬೇಕು," ಎಂದೆ.

"ಯಾರ ಹತ್ರ ಕಲಿತ್ರಿ ಅಜ್ಜ?" ಎಂದು ಕೆಲಸದವನು ಕೇಳಿದ.

"ನಮ್ಮ ಮೇಸ್ತ್ರಿ."

ಅವರು ಈಗ ಬದುಕಿರಲಾರರು. ಆ ನೀರು ಬೇಡವೆಂದು ನಾನು ಅಂದಿದ್ದೆನೋ ಇಲ್ಲವೋ, ಹೇಳಬಲ್ಲವರು ಅವರೊಬ್ಬರೇ ಇದ್ದರು.