ಬಿಸ್ಕತ್ತಿನ ವ್ಯಾನಿನ ಎಡಬದಿ

ಹಳೆಯದನ್ನು ಹೊಸದರ ಹಾಗೆ ಮಾಡಿಕೊಡುವವರು ಬೀದಿಗೆ ಹತ್ತು ಜನ ಸಿಗುತ್ತಾರೆ. ಹೊಸದನ್ನು ಹಳೆಯದರ ಹಾಗೆ ಮಾಡುವವನು ತುಕ್ಕಣ್ಣ ಒಬ್ಬನೇ. ಇದು ಹೆತ್ತವರು ಇಟ್ಟ ಹೆಸರಲ್ಲ, ಭಾವಮೈದ ತಮಾಷೆಗೆ ಇಟ್ಟಿದ್ದು. ಈಗ ಸಿಟ್ಟು ಬಂದಾಗ ಹೆಂಡತಿಯ ಬಾಯಲ್ಲೂ ಅದೇ ಬರುತ್ತದೆ.

ಹೊಟ್ಟೆಪಾಡಿಗೆ ಅವನು ಹಲ್ಲು ಕಟ್ಟುವವನು. ಡಾಕ್ಟರು ಕಳಿಸಿದ ಬಾಯಿಯ ಅಚ್ಚುಗಳನ್ನು ಕಿಟಕಿಯ ಹತ್ತಿರದ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು, ದಿನವಿಡೀ ಕೂತು ಕೃತಕ ಹಲ್ಲು ಮಾಡುತ್ತಾನೆ. ಇಡೀ ಸೆಟ್ಟು ಮಾಡುವುದು ಅವನಿಗೆ ಎಡಗೈ ಕೆಲಸ. ಒಂದೇ ಹಲ್ಲು ಹೋದವರದ್ದೇ ತಲೆನೋವು. ಪಕ್ಕದ ಹಲ್ಲಿನಲ್ಲಿ ಕಾಫಿ ಕಲೆ ಇದ್ದರೆ ಇದರಲ್ಲೂ ಇರಬೇಕು, ಅದರ ತುದಿ ಸವೆದಿದ್ದರೆ ಇದೂ ಅಷ್ಟೇ ಸವೆದಿರಬೇಕು. ಅಷ್ಟೆಲ್ಲ ಮಾಡಿ ಕಳಿಸಿದ ಮೇಲೆ ಡಾಕ್ಟರು ಫೋನ್ ಮಾಡಿ, "ಪೇಷಂಟು ಬೆಳ್ಳಗಿರೋದು ಬೇಕು ಅಂತಿದ್ದಾರಪ್ಪ, ಇನ್ನೊಂದು ಮಾಡು" ಅನ್ನುತ್ತಾರೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅವನ ಕೆಲಸ.

ಭಾನುವಾರ ಬಂತೆಂದರೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹಾಳುಬಿದ್ದ ಕಡೆಗೇ ಹೊರಡುತ್ತಾನೆ. ಬಾಗಿಲು ಮುಚ್ಚಿದ ಟಾಕೀಸು, ಛಾವಣಿ ಹಾರಿಹೋದ ಪೆಟ್ರೋಲ್ ಬಂಕು, ಇಂಜಿನ್ನಿನ ಜಾಗದಲ್ಲಿ ಮರ ಬೆಳೆದ ಲಾರಿ. ಪ್ರತಿ ಫೋಟೋದಲ್ಲೂ ಅಳತೆಗೆ ಒಂದು ಅಡಿಕೋಲು ಇಟ್ಟಿರುತ್ತಾನೆ. ಮನೆಗೆ ಬಂದು ಅಲ್ಲಿ ಸಿಕ್ಕ ಗಾಡಿಯನ್ನು ಇಪ್ಪತ್ತನಾಲ್ಕನೇ ಒಂದು ಪಾಲಿಗೆ ಇಳಿಸಿ, ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಹಲ್ಲಿಗೆ ಬಳಸುವ ಮೇಣದ ಚಾಕುವಿನಲ್ಲೇ ಕೆತ್ತಿ ಕೂರಿಸುತ್ತಾನೆ. ತುಕ್ಕು ಬಣ್ಣದ್ದಲ್ಲ, ನಿಜವಾದದ್ದು. ಪಾತ್ರೆ ಉಜ್ಜುವ ತಂತಿಯನ್ನು ಉಪ್ಪುನೀರಲ್ಲಿ ನೆನೆಹಾಕಿ, ಒಣಗಿಸಿ, ಪುಡಿಮಾಡಿ, ಕುಂಚದ ತುದಿಯಲ್ಲಿ ಹಚ್ಚುತ್ತಾನೆ. "ಬೇರೆಯವರ ಮನೆ ಶೋಕೇಸಲ್ಲಿ ಗೊಂಬೆ ಇರುತ್ತೆ, ನಮ್ಮನೇಲಿ ಗುಜರಿ ಅಂಗಡಿ" ಎಂದು ಹೆಂಡತಿ ಮುಖ ಸಿಂಡರಿಸುತ್ತಾಳೆ. ಅವನದು ಒಂದೇ ಹಟ: ನಾಲ್ಕೂ ಬದಿ ನೋಡದ ಗಾಡಿಯನ್ನು ಮಾಡುವುದಿಲ್ಲ. ಊಹೆ ಮಾಡಿ ಮಾಡಿದ್ದು ಆಟಿಕೆ, ನೋಡಿ ಮಾಡಿದ್ದು ಗಾಡಿ.

ಇಷ್ಟೆಲ್ಲ ಮಾಡಿ ತೋರಿಸುವುದು ಯಾರಿಗೆ? ಅಪ್ಪನಿಗೆ. ಅಲ್ಲೇ ಇರುವುದು ಎಲ್ಲ ಗೋಳು.

ಅಪ್ಪ ಬಿಸ್ಕತ್ತು ಫ್ಯಾಕ್ಟರಿಯ ವ್ಯಾನಿಗೆ ಮೂವತ್ತು ವರ್ಷ ಡ್ರೈವರು. ಫ್ಯಾಕ್ಟರಿ ಮುಚ್ಚುವ ದಿನ, ಒಂದೂ ಅಪಘಾತ ಮಾಡದವರು ಎಂದು ಅವರಿಗೆ ಗೋಡೆ ಗಡಿಯಾರ ಕೊಟ್ಟು ಕಳಿಸಿದ್ದರು. ಅದು ಹದಿನೆಂಟು ವರ್ಷಗಳಿಂದ ಹಾಲ್‌ನಲ್ಲಿ ನೇತಾಡುತ್ತಿದೆ. ಮನೆಗೆ ಯಾರೇ ಬರಲಿ, "ಮೂವತ್ತು ವರ್ಷ, ಗಾಡಿಗೆ ಒಂದು ಗೀರು ಬೀಳಿಸಿಲ್ಲ" ಎಂಬ ಮಾತು ನೀರಿನ ಲೋಟಕ್ಕಿಂತ ಮೊದಲು ಬರುತ್ತದೆ. ಈಗ ಅಪ್ಪನ ಎರಡೂ ಕಣ್ಣು ಮಂಜು. ಮಗ ಮಾಡಿದ ಗಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಲ್ಲೇ ನೋಡುತ್ತಾರೆ. ನೋಡಿ ಮೊಸರಲ್ಲಿ ಕಲ್ಲು ಹುಡುಕುತ್ತಾರೆ.

"ಈ ಲಾರಿಗೆ ಸ್ಟೆಪ್ನಿ ಎಲ್ಲೋ?"

"ಕದ್ದಿದ್ದಾರೆ ಅಪ್ಪ. ನಾನು ನೋಡಿದಾಗಲೇ ಇರ್ಲಿಲ್ಲ."

"ಕದ್ರೆ ಕಂಬಿ ಇರುತ್ತಲ್ಲ. ಕಂಬಿ ಎಲ್ಲಿ?"

ಹೋಗಿ ಫೋಟೋ ನೋಡಿದರೆ, ಹಾಳಾದ್ದು, ಕಂಬಿ ಇರುತ್ತದೆ! ಇಪ್ಪತ್ತಾರು ಗಾಡಿ ಮಾಡಿದ್ದಾನೆ, ಇಪ್ಪತ್ತಾರರಲ್ಲೂ ಅಪ್ಪ ಒಂದೊಂದು ತಪ್ಪು ಹಿಡಿದಿದ್ದಾರೆ. ಒಂದು ಸಲ, ಒಂದೇ ಒಂದು ಸಲ "ಸರಿಯಿದೆ" ಅನ್ನಿಸಿಕೊಳ್ಳಬೇಕು. ಐವತ್ತು ದಾಟಿದ ಗಂಡಸಿಗೆ ಇದೊಂದು ಆಸೆಯೇ ಎಂದು ನಗಬೇಡಿ. ಅವನಿಗೆ ಬೇರೆ ಆಸೆಯೇ ಇರಲಿಲ್ಲ.

ಅದಕ್ಕೆಂದೇ ಅವನು ಅಪ್ಪನ ವ್ಯಾನನ್ನೇ ಮಾಡಲು ಹೊರಟ. ವ್ಯಾನು ಇನ್ನೂ ಆ ಫ್ಯಾಕ್ಟರಿಯ ಅಂಗಳದಲ್ಲೇ ಕೊಳೆಯುತ್ತಾ ನಿಂತಿತ್ತು. ಮುಂದೆ ಕ್ಯಾಬಿನ್ನು, ಹಿಂದೆ ತಗಡಿನ ದೊಡ್ಡ ಪೆಟ್ಟಿಗೆ. ಹೊರಗಿನ ರಸ್ತೆಯಿಂದ, ಮುರಿದ ಗೇಟಿನ ಸಂದಿಯಿಂದ ಮೂರು ಬದಿಯ ಫೋಟೋ ಸಿಕ್ಕಿತ್ತು. ಎಡಬದಿ ಮಾತ್ರ ಕಾಂಪೌಂಡ್ ಗೋಡೆಯ ಕಡೆಗೆ. ನಡುವೆ ಒಂದು ಮೊಳ ಸಂದಿ, ಸಂದಿಯ ತುಂಬ ಚಕ್ರ ಮುಚ್ಚುವಷ್ಟು ಮುಳ್ಳಿನ ಪೊದೆ. ಅಷ್ಟರಲ್ಲಿ ಗೇಟಿಗೆ ಬೋರ್ಡು ಬಿತ್ತು: ತಿಂಗಳ ಕೊನೆಗೆ ಕಟ್ಟಡ ಕೆಡವುತ್ತಾರೆ, ಒಳಗಿರುವುದೆಲ್ಲ ಗುಜರಿಗೆ.

ಒಳಗೆ ಬಿಡಲು ವಾಚ್‌ಮನ್ ಒಪ್ಪಲಿಲ್ಲ. "ಓನರ್ ಲೆಟರ್ ತನ್ನಿ." ಓನರ್ ಮನೆಗೆ ಮೂರು ಸಲ ಅಲೆದು ಲೆಟರ್ ತಂದ. ವಾಚ್‌ಮನ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಫೋಟೋ ತೆಗೀಬಹುದು ಅಂತ ಇದೆ. ಏಣಿ ತರಬಹುದು ಅಂತ ಎಲ್ಲಿದೆ?"

"ಅಯ್ಯೋ ಮಾರಾಯ, ಏಣಿ ಇಲ್ದೆ ಆ ಬದಿ ಹೇಗೆ ಕಾಣುತ್ತೆ?"

"ಅದು ನನಗೇನು ಗೊತ್ತು? ಲೆಟರಲ್ಲಿ ಇರೋದು ಹೇಳ್ದೆ."

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಆ ಭಾನುವಾರ ಹಾಗೇ ಹೋಯಿತು. ಲೆಟರಿಗೆ ಏಣಿ ಎಂಬ ಪದ ಸೇರಿಸಿಕೊಂಡು ಬಂದ ಮುಂದಿನ ಭಾನುವಾರ ಏಣಿ ಹತ್ತಿದರೆ, ಮೇಲಿಂದ ಛಾವಣಿಯ ಅಂಚು ಬಿಟ್ಟು ಏನೂ ಕಾಣಲಿಲ್ಲ. ಕೆಳಗಿಳಿದು ಚಕ್ರಕ್ಕೊಂದು ಒದ್ದ. ಕಾಲು ನೋವಾಯಿತು, ವ್ಯಾನಿಗೇನೂ ಆಗಲಿಲ್ಲ.

ಆಗ ಹೊಳೆದದ್ದು ಕನ್ನಡಿ. ಹಲ್ಲಿನ ಹಿಂಬದಿ ನೋಡಲು ಡಾಕ್ಟರು ಬಾಯೊಳಗೆ ಪುಟ್ಟ ಕನ್ನಡಿ ಹಿಡಿಯುವುದಿಲ್ಲವೇ? ಹಾಗೆಯೇ ಗೋಡೆಗೆ ಒಂದು ದೊಡ್ಡ ಕನ್ನಡಿ ಒರಗಿಸಿದರೆ ಎಡಬದಿ ಇಡಿಯಾಗಿ ಕಾಣಬೇಕು. ಮನೆಯಲ್ಲಿ ಆಳುದ್ದದ ಕನ್ನಡಿ ಇದ್ದದ್ದು ಒಂದೇ, ಹೆಂಡತಿಯದು.

"ನನ್ನ ಕನ್ನಡಿ ಹೊತ್ಕೊಂಡು ಹೋಗಿ ಆ ಹಾಳು ಗಾಡಿಗೆ ಮುಖ ತೋರಿಸ್ತೀರಾ?" ಎಂದು ಅವಳು ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಮಾವನವರ ಹತ್ರ ಸರಿ ಅನ್ನಿಸ್ಕೊಳ್ಳೋದು ಅಂದ್ರೆ ಕನ್ನಡಿಯೊಳಗಿನ ಗಂಟು ಕಣ್ರೀ. ಸುಮ್ನೆ ಯಾಕೆ ಒದ್ದಾಡ್ತೀರಾ?"

"ಒಂದು ಗಂಟೆ ಕೊಡೇ."

"ಒಡೆದ್ರೆ ಮನೆಗೆ ಬರ್ಬೇಡಿ."

ಒಡೆಯಲಿಲ್ಲ. ಕನ್ನಡಿಯನ್ನು ಅಡ್ಡಲಾಗಿ ಹಗ್ಗದಲ್ಲಿ ಇಳಿಬಿಟ್ಟು, ಗೋಡೆಯ ಆಚೆಯಿಂದ ವಾಚ್‌ಮನ್ ಕೈಲೇ ಹಿಡಿಸಿದ. ತಾನು ವ್ಯಾನಿನ ಬಲಗಡೆ ಏಣಿ ಹತ್ತಿ, ಕೋಲಿಗೆ ಫೋನು ಕಟ್ಟಿ, ಛಾವಣಿಯ ಮೇಲಿಂದ ಚಾಚಿ ಕನ್ನಡಿಯ ಫೋಟೋ ತೆಗೆದ. ಮೊದಲಿನ ಹನ್ನೊಂದರಲ್ಲಿ ಅವನ ಕೋಲೇ ಬಂತು. ಹನ್ನೆರಡನೆಯದರಲ್ಲಿ ಆ ಬದಿಯ ತಗಡು ಈ ತುದಿಯಿಂದ ಆ ತುದಿವರೆಗೆ ಸ್ಪಷ್ಟವಾಗಿ ಸಿಕ್ಕಿತು. ಚಕ್ರವನ್ನು ಪೊದೆ ಮುಚ್ಚಿತ್ತು, ಕ್ಯಾಬಿನ್ನು ಚೌಕಟ್ಟಿಗೆ ಬಂದಿರಲಿಲ್ಲ, ಬಣ್ಣವೆಲ್ಲ ಉದುರಿ ಫ್ಯಾಕ್ಟರಿಯ ಹೆಸರಿನ ಒಂದಕ್ಷರವೂ ಉಳಿದಿರಲಿಲ್ಲ. ಬರೀ ಬೋಳು ತಗಡು. ಅದರ ಒಂದು ತುದಿಯಲ್ಲಿ, ಮೊಣಕೈ ಹೂತುಹೋಗುವಷ್ಟು ಆಳದ ಒಂದು ಗುದ್ದು.

ಏಣಿಯ ಮೇಲೇ ಫೋಟೋವನ್ನು ದೊಡ್ಡದು ಮಾಡಿ ನೋಡಿದ. ಮೂವತ್ತು ವರ್ಷ, ಒಂದು ಗೀರಿಲ್ಲ! ಇದು ಗೀರಲ್ಲ, ಗುಂಡಿ.

ತಿಂಗಳ ಕೊನೆಗೆ ವ್ಯಾನು ತುಂಡುತುಂಡಾಗಿ ಗುಜರಿಗೆ ಹೋಯಿತು. ಇನ್ನು ಆ ಫೋಟೋ ಬಿಟ್ಟರೆ ಗತಿಯಿಲ್ಲ. ಹೆಂಡತಿ ಅದನ್ನು ನೋಡಿ ದನಿ ತಗ್ಗಿಸಿದಳು. "ಈ ಗುದ್ದು ಹಾಕ್ಬೇಡಿ. ಅವರಿಗೆ ಇರೋದು ಅದೊಂದು ಹೆಮ್ಮೆ."

"ಇದ್ದಿದ್ದನ್ನ ಇಲ್ಲ ಅಂತ ಹೇಗೆ ಮಾಡ್ಲಿ? ಆಮೇಲೆ ಅವರು ಸರಿ ಅಂದ್ರೂ ಅದು ಸರಿ ಆಗುತ್ತಾ?"

ಹೇಳಿದನೇ ಹೊರತು ಒಂದು ವಾರ ಅದನ್ನು ಮುಟ್ಟಲಿಲ್ಲ. ಕೊನೆಗೆ ಹಟವೇ ಗೆದ್ದಿತು. ಗಾಡಿಯ ಎಡಬದಿಯ ಫೋಟೋ ಎಂದರೆ ಮುಂಭಾಗ ಎಡಕ್ಕಿರುತ್ತದೆ; ಇಪ್ಪತ್ತಾರು ಗಾಡಿ ಮಾಡಿದ ಕೈಗೆ ಅದನ್ನು ಹೇಳಿಕೊಡಬೇಕೇ? ಫೋಟೋದಲ್ಲಿ ಗುದ್ದು ಬಲತುದಿಗಿತ್ತು. ಅಂದರೆ ಹಿಂಭಾಗ, ಹಿಂಬಾಗಿಲ ಮೂಲೆಯ ಹತ್ತಿರ. ತೆಳು ಪ್ಲಾಸ್ಟಿಕ್ ಹಾಳೆಯನ್ನು ಬಿಸಿಮಾಡಿ, ಬೆಂಕಿಕಡ್ಡಿಯ ಹಿಂಭಾಗದಲ್ಲಿ ಒತ್ತಿ ಗುದ್ದು ಮಾಡಿದ. ಅದರ ಸುತ್ತ ತುಕ್ಕು ಹಚ್ಚುವುದಕ್ಕೇ ಮೂರು ವಾರ ಹಿಡಿಯಿತು. ನಡುವೆ ಡಾಕ್ಟರು ಎರಡು ಹಲ್ಲು ವಾಪಸ್ ಕಳಿಸಿ ಬೈದರು. ಬೈಯಲಿ ಬಿಡಿ.

ಭಾನುವಾರ ಬೆಳಿಗ್ಗೆ ವ್ಯಾನನ್ನು ಅಪ್ಪನ ತೊಡೆಯ ಮೇಲಿಟ್ಟ. ಅಪ್ಪ ಬಾನೆಟ್ಟಿನ ಮೇಲೆ ಬೆರಳಾಡಿಸಿದರು, ಪಕ್ಕದ ಕನ್ನಡಿಯ ಕಂಬಿ ಹಿಡಿದರು, ಬೆರಳು ಅಲ್ಲೇ ನಿಂತಿತು.

"ಇದು ನನ್ನ ಗಾಡಿ."

"ಹೂಂ."

"ಕಂಬಿ ಬಗ್ಗಿತ್ತು. ಬಗ್ಗಿಸಿದ್ದೀಯ."

ಬಲಬದಿ ಆಯಿತು, ಛಾವಣಿ ಆಯಿತು, ಹಿಂದಿನ ಚಿಲಕ ಆಯಿತು. ಒಂದು ತಪ್ಪೂ ಬರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೈಯಲ್ಲಿದ್ದ ಬಟ್ಟೆ ಹಿಂಡುವುದನ್ನೂ ಮರೆತಿದ್ದಳು. ಬೆರಳು ಎಡಬದಿಗೆ ಬಂತು, ತಗಡಿನ ಮೇಲೆ ಜಾರುತ್ತ ಹೋಗಿ ಗುದ್ದಿನೊಳಗೆ ಇಳಿಯಿತು.

"ಇದೇನು?"

"ಗುದ್ದಿದ ಗುರುತು ಅಪ್ಪ. ಗಾಡೀಲಿ ಇತ್ತು."

"ಇಲ್ಲ."

ತುಕ್ಕಣ್ಣನ ತಾಳ್ಮೆ ಅಲ್ಲಿಗೆ ಹರಿಯಿತು. "ಇಲ್ಲ ಅಂದ್ರೆ? ಏಣಿ ಹತ್ತಿ ಕಣ್ಣಾರೆ ನೋಡಿದ್ದೀನಿ! ಫೋಟೋ ಇದೆ! ಎಷ್ಟು ವರ್ಷ ಅಂತ ನೀನು ಹೇಳಿದ್ದನ್ನೇ ಕೇಳ್ಲಿ ನಾನು? ಜೀವ ತೇದು ಮಾಡಿದ್ರೂ ನಿನ್ನ ಬಾಯಲ್ಲಿ ಒಂದು ಒಳ್ಳೆ ಮಾತು ಬರಲ್ಲ!"

ಅಪ್ಪ ಅವನು ಮುಗಿಸುವವರೆಗೂ ಕಾದರು.

"ಗುದ್ದು ಇರ್ಲಿಲ್ಲ ಅಂದ್ನಾ? ಇಲ್ಲಿ ಇರ್ಲಿಲ್ಲ ಅಂದೆ." ಬೆರಳು ಹಿಂದಿನ ಮೂಲೆಯಿಂದ ನಿಧಾನಕ್ಕೆ ಮುಂದಕ್ಕೆ ಬಂದು, ಕ್ಯಾಬಿನ್ನಿನ ಬೆನ್ನಿಗೆ ಒಂದು ಬೆರಳಗಲ ಬಿಟ್ಟು ನಿಂತಿತು. "ಇಲ್ಲಿ."

ಅವನು ಫೋನು ತೆಗೆದ. ಆ ಬೋಳು ತಗಡು, ಬಲತುದಿಯ ಗುದ್ದು. ಏಣಿಯ ಮೇಲೆ ನಿಂತಾಗ ವ್ಯಾನಿನ ಮೂತಿ ಯಾವ ಕಡೆಗಿತ್ತು? ತನ್ನ ಬಲಗೈ ಕಡೆಗೆ. ಫೋಟೋ ಗಾಡಿಯದ್ದಲ್ಲ, ಕನ್ನಡಿಯದ್ದು, ಎಡಬಲ ಅದಲುಬದಲು. ತಿನ್ನುವ ಅನ್ನ ಕೊಡುವ ಕೆಲಸವೇ ಬಾಯೊಳಗಿನ ಕನ್ನಡಿಯ ಆಸುಪಾಸಿನದು, ಅವನಿಗೇ ಇದು ಹೊಳೆಯಲಿಲ್ಲ! ಹಣೆ ಹಣೆ ಚಚ್ಚಿಕೊಂಡ. ಇಪ್ಪತ್ತೇಳನೆಯದೂ ತಪ್ಪು.

"ಇನ್ನೇನು ಫ್ಯಾಕ್ಟರಿ ಮುಚ್ಚುತ್ತೆ ಅನ್ನೋ ತಿಂಗಳು," ಎಂದರು ಅಪ್ಪ, ಯಾರೂ ಕೇಳದೆಯೇ. "ಸಗಟು ಅಂಗಡಿ ಗೇಟಿಂದ ಹೊರಗೆ ಬರೋವಾಗ ಕಂಬಕ್ಕೆ ತಗುಲಿಸ್ದೆ. ಮುಂದಕ್ಕೆ ಬರ್ತಿದ್ದೆ, ಅವಸರ. ಮಾಲು ಹತ್ತಿಸಿ ಇಳಿಸೋ ಲೋಡರ್ ನನ್ನ ಪಕ್ಕದಲ್ಲೇ ಕೂತಿದ್ದ, 'ಅಣ್ಣಾ ಕಂಬ' ಅಂತ ಕೂಗ್ದ ಕೂಡ."

"ಮತ್ತೆ ಗಡಿಯಾರ?"

"ಆಫೀಸಲ್ಲಿ ಹೇಳ್ದೆ, ಹಿಂದಕ್ಕೆ ತಗೋತಿದ್ದೆ, ಹಿಂದಿನ ಮೂಲೆ ತಗುಲ್ತು ಅಂತ. ಹಿಂದಕ್ಕೆ ತಗೊಳ್ಳೋವಾಗ ಇಳಿದು ನೋಡಿ ಹೇಳೋದು ಲೋಡರ್ ಕೆಲಸ. ಹಿಂದೆ ಗುದ್ದಿದ್ರೆ ತಪ್ಪು ಅವನದ್ದು, ಮುಂದೆ ಗುದ್ದಿದ್ರೆ ನಂದು. ಯಾರೂ ಬಂದು ನೋಡ್ಲಿಲ್ಲ. ನೋಡದ ಹಾಗೆ ಗೋಡೆಗೆ ಒತ್ತಿ ನಿಲ್ಲಿಸ್ತಿದ್ದೆ. ಮಾರನೇ ದಿನ ಅವನನ್ನ ತೆಗೆದು ಹಾಕಿದ್ರು. ಮಾತಾಡ್ದೆ ಹೋದ."

ತುಕ್ಕಣ್ಣ ವ್ಯಾನನ್ನೇ ನೋಡಿದ. ಹದಿನೆಂಟು ವರ್ಷದ ಹಿಂದೆ ಅಪ್ಪ ಆಫೀಸಿನಲ್ಲಿ ಹೇಳಿದ ಸುಳ್ಳು ಎಲ್ಲಿತ್ತೋ ಸರಿಯಾಗಿ ಅಲ್ಲೇ, ಮೂರು ವಾರ ತುಕ್ಕು ಹಚ್ಚಿ, ಅವನು ಗುದ್ದನ್ನು ಕೂರಿಸಿದ್ದ.

"ಸುಮ್ನೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ ಅಪ್ಪ," ಎಂದ. ದನಿಯಲ್ಲಿ ಸಿಟ್ಟೇ ಇತ್ತು, ಯಾರ ಮೇಲೆಂದು ಅವನಿಗೂ ಗೊತ್ತಿರಲಿಲ್ಲ. "ಗಾಡಿನೇ ಇಲ್ಲ ಈಗ."

"ಉಳಿದಿದ್ದೆಲ್ಲ ಸರಿಯಿದೆಯಲ್ಲೋ," ಎಂದರು ಅಪ್ಪ. "ಅದಕ್ಕೇ ಸುಮ್ನಿರಕ್ಕಾಗ್ಲಿಲ್ಲ. ಮುಂದೆ ಹಾಕು."

ಇಷ್ಟು ವರ್ಷ ಕಾದ ಮಾತು ಕೊನೆಗೂ ಬಂದಿತ್ತು, ಕೇಳಿ ಹಿಗ್ಗುವ ಹಾಗಿರಲಿಲ್ಲ. ಅವನು ಮೇಣದ ಚಾಕು ತಂದು, ಅಪ್ಪನ ಪಕ್ಕದಲ್ಲೇ ನೆಲದ ಮೇಲೆ ಕೂತು, ಹಿಂದಿನ ಮೂಲೆಯ ತುಕ್ಕನ್ನು ಕೆರೆಯತೊಡಗಿದ. ಅಪ್ಪ ಮುಂದಿನ ಜಾಗದ ಮೇಲಿಟ್ಟ ಬೆರಳನ್ನು ತೆಗೆಯಲೇ ಇಲ್ಲ.