ಡ್ಯೂಕನ ಹೆಂಡತಿಗೆ ನಮ್ಮಕ್ಕನ ಮೂಗು

ಇನ್ನೊಂದು ಬರೆದರಾಯಿತು ಅಂದುಕೊಂಡು ಒರೆಸಿಬಿಟ್ಟೆ. ನಾನು ಮಾಡಿದ ದಡ್ಡ ಕೆಲಸ ಇಷ್ಟೇ. ನಕಲು ಮಾಡುವುದೇ ಕಸುಬಾದವನಿಗೆ ಒಂದು ಮುಖ ಎರಡನೇ ಸಲ ಕೈಕೊಡುತ್ತದೆ ಅಂತ ಹೊಳೆಯಲೇ ಇಲ್ಲ.

ಕ್ಯಾತ್ಸಂದ್ರದ ಹೈವೇ ಪಕ್ಕ, ಪಂಚರ್ ಅಂಗಡಿಗೆ ಅಂಟಿಕೊಂಡ ಶೆಡ್ಡಿನಲ್ಲಿ ನಾನು ಯುರೋಪಿನ ಸಿರಿವಂತ ಹೆಂಗಸರನ್ನು ತಯಾರಿಸುತ್ತೇನೆ. ಬರೋಕ್ ಕಾಲದ ಹಳೆಯ ಚಿತ್ರಗಳನ್ನು ಫೋನಿನಲ್ಲಿ ನೋಡಿಕೊಂಡು ಕ್ಯಾನ್ವಾಸಿನ ಮೇಲೆ ಎಣ್ಣೆ ಬಣ್ಣದಲ್ಲಿ ಬರೆಯುವುದು. ಕಪ್ಪು ಹಿನ್ನೆಲೆ, ಉಬ್ಬಿದ ತೋಳು, ಮುತ್ತಿನ ಸರ. ಹೋಟೆಲಿನವರು, ಕಲ್ಯಾಣ ಮಂಟಪದವರು ಕೊಳ್ಳುತ್ತಾರೆ. ರೇಷ್ಮೆಯ ಹೊಳಪು ಕೂಡ ಬರುತ್ತದೆ ನನಗೆ, ಮೂಗು ಬರುವುದಿಲ್ಲ. ಗುಬ್ಬಿಯ ಮನೆಯಲ್ಲಿ ಅಕ್ಕನನ್ನು ಎದುರಿಗೆ ಕೂರಿಸಿಕೊಂಡು ಚಿತ್ರ ಕಲಿತವನು ನಾನು. ಸ್ಪೇನಿನವಳಿರಲಿ, ಫ್ರಾನ್ಸಿನವಳಿರಲಿ, ನನ್ನ ಕೈಗೆ ಸಿಕ್ಕಿದವಳು ಅಕ್ಕನ ಮೊಂಡು ಮೂಗು ಹೊತ್ತುಕೊಂಡೇ ಹೊರಗೆ ಬರುತ್ತಿದ್ದಳು. ಕುಣಿಗಲ್ಲಿನ ಮಂಟಪಕ್ಕೆ ಬರೆದ ಪಟದಲ್ಲಂತೂ ಕಣ್ಣು, ತುಟಿ, ಗಲ್ಲ, ಎಲ್ಲವೂ ಅಕ್ಕನದೇ ಆಗಿ ಕೂತುಬಿಟ್ಟಿತು.

ಅಕ್ಕನಿಗೆ ಕ್ಯಾನ್ಸರ್. ತುಮಕೂರಿನ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಹಾಕಿಸಿಕೊಂಡು, ಗುಬ್ಬಿ ರೈಲಿನ ಹೊತ್ತಾಗುವವರೆಗೆ ನನ್ನ ಶೆಡ್ಡಿನಲ್ಲಿ ಕೂರುತ್ತಿದ್ದಳು. ಅವತ್ತು ಪಟ ನೋಡಿ ಎದ್ದು ನಿಂತಳು.

"ಲೋ, ಇವ್ಳು ನಾನೇ ಕಣೋ."

"ನೀನೆಲ್ಲೇ? ಇವ್ಳು ಡ್ಯೂಕನ್ ಹೆಂಡ್ತಿ."

"ಡ್ಯೂಕನ್ ಹೆಂಡ್ತಿಗೆ ನಮ್ಮವ್ವನ್ ಮೂಗು ಹೆಂಗ್ ಬಂತ್ಲಾ? ಎಷ್ಟೊಂದ್ ಕೂದ್ಲು ಕೊಟ್ಟಿದೀಯ ನೋಡು." ತಲೆಗೆ ಕಟ್ಟಿದ್ದ ಸ್ಕಾರ್ಫ್ ಸರಿಮಾಡಿಕೊಂಡಳು. "ನಾನ್ ಹೋದ್ಮೇಲೆ ಇದಕ್ಕೇ ಹಾರ ಹಾಕಿ. ಮದ್ವೆ ಫೋಟೋ ಬ್ಯಾಡ. ಪೌಡರ್ ಬಳ್ದು ಹಿಟ್ಟಿನ್ ಗೊಂಬೆ ಮಾಡವ್ರೆ."

"ಇದು ಆರ್ಡರ್ ಕಣೇ. ನಿಂಗೆ ಇನ್ನೊಂದ್ ಬರ್ಕೊಡ್ತೀನಿ. ಜಡೆ ಕುಣಿಗಲ್ ಮುಟ್ಟಂಗೆ ಹಾಕ್ತೀನಿ."

"ಇದೇ ಇರ್ಲಿ ಬುಡೋ," ಅಂದಳು. ನಾನು ನಕ್ಕು ಬ್ರಶ್ ತೊಳೆಯತೊಡಗಿದೆ.

ಫೋನಿನಲ್ಲಿ ಆ ಪಟದ ಒಂದು ಫೋಟೋ ಕೂಡ ತೆಗೆದಿಡಲಿಲ್ಲ. ಮಂಟಪದ ಲೈಟಿನಲ್ಲಿ ಚೆನ್ನಾಗಿ ಬರುತ್ತದೆ, ಗೋಡೆಗೆ ಹಾಕಿದ ಮೇಲೆ ತೆಗೆದರಾಯಿತು ಅನ್ನುವ ಮಹಾ ಬುದ್ಧಿವಂತ ನಾನು.

ಬಣ್ಣ ಪೂರ್ತಿ ಒಣಗುವ ಮೊದಲೇ ಪಟವನ್ನೂ ಬಣ್ಣದ ಪೆಟ್ಟಿಗೆಯನ್ನೂ ಕುಣಿಗಲ್ಲಿಗೆ ಹೊತ್ತೆ. ಮಂಟಪದ ಯಜಮಾನರ ತಾಯಿ ಬಾಗಿಲಲ್ಲೇ ತಡೆದರು. "ಏನಪ್ಪಾ ಇದು, ಮದ್ವೆ ಹೆಣ್ಣು ಒಳಿಕ್ ಬರೋ ಕಡೆ ಬೋಳು ಹಣೆ ಹೆಂಗ್ಸಾ? ಒಂದ್ ಬೊಟ್ಟಿಡು."

ಇಟ್ಟೆ. ಡ್ಯೂಕನ ಹೆಂಡತಿ ಎದ್ದು ಹೋದಳು. ಹಬ್ಬದ ದಿನ ಎಣ್ಣೆ ಸ್ನಾನ ಮುಗಿಸಿ ಬಂದ ಅಕ್ಕ ಅಲ್ಲಿ ಕೂತಿದ್ದಳು.

ಅಷ್ಟರಲ್ಲಿ ಯಜಮಾನರು ಬಂದರು. "ಏನಯ್ಯಾ, ಬಿಳಿ ರಾಣಿ ಕೇಳಿದ್ರೆ ಗುಬ್ಬಿ ಸಂತೆ ಹೆಂಗ್ಸಿಗೆ ನಾಟಕದ್ ಡ್ರೆಸ್ ಹಾಕ್ಸಿ ಕರ್ಕೊಂಡ್ ಬಂದಿದೀಯ!"

ಶಾಮಿಯಾನ ಕಟ್ಟುತ್ತಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ನಗುತ್ತಲೇ, ಬಣ್ಣದ ಚಾಕು ತೆಗೆದು ಆ ಮುಖವನ್ನು ಕೆರೆದೆ. ಉಳಿದದ್ದನ್ನು ಟರ್ಪೆಂಟೈನ್ ಬಟ್ಟೆಯಲ್ಲಿ ಬಿಳೀ ಕ್ಯಾನ್ವಾಸು ಕಾಣುವವರೆಗೆ ಒರೆಸಿದೆ. ಫೋನು ಪಕ್ಕದಲ್ಲಿಟ್ಟುಕೊಂಡು ಜನ್ಮದಲ್ಲಿ ಮೊದಲ ಸಲ ನೆಟ್ಟಗಿನ ಮೂಗು ಬರೆದೆ. ಯಜಮಾನರು ಭುಜ ತಟ್ಟಿದರು.

ಅಕ್ಕನಿಗೆ ಅಂತ ಹೊಸ ಕ್ಯಾನ್ವಾಸು ಬಿಗಿದೆ. ನೆಟ್ಟಗಿನ ಮೂಗೇ ಬಂತು. ಅಳಿಸಿ ಬರೆದೆ, ಅದೇ ಬಂತು. ಎದುರಿಗೆ ಕೂರಿಸಿಕೊಳ್ಳೋಣವೆಂದರೆ ಅಕ್ಕ ಹಾಸಿಗೆ ಹಿಡಿದಿದ್ದಳು, ಕೆನ್ನೆ ಒಳಕ್ಕೆ ಹೋಗಿತ್ತು. ನಾನು ದಿಟ್ಟಿಸಿದರೆ ಗೋಡೆ ಕಡೆ ತಿರುಗುತ್ತಿದ್ದಳು. ಒಮ್ಮೆ ಆ ಕಡೆ ತಿರುಗಿಕೊಂಡೇ ಕೇಳಿದಳು, "ಆಯ್ತೇನೋ ನನ್ ಪಟ?"

"ಒಣಗ್ತಾ ಅದೆ ಕಣಕ್ಕಾ," ಅಂದೆ.

ಒಣಗುವುದರೊಳಗೆ ಹೋದಳು.

ತಿಥಿಯ ದಿನ ಗುಬ್ಬಿಯ ಮನೆಯಲ್ಲಿ ಹಾರ ಬಿದ್ದದ್ದು ಮದುವೆ ಫೋಟೋಕ್ಕೇ. ಭಾವನನ್ನು ಕತ್ತರಿಸಿ ದೊಡ್ಡದು ಮಾಡಿಸಿದ್ದರು. ಅವನ ಭುಜದ ಒಂದು ಚೂರು ಅಂಚಿನಲ್ಲಿ ಉಳಿದಿತ್ತು. ಅವ್ವ ಆ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಊಟ ಬಡಿಸುವಾಗ ನಾನೊಂದು ಜೋಕು ಹೇಳಿದೆ. ಯಾರೂ ನಗಲಿಲ್ಲ.

ಕೈ ತೊಳೆಯುವ ಕಡೆ ಭಾವ ಪಕ್ಕಕ್ಕೆ ಬಂದ. ಕುಣಿಗಲ್ಲಿನಲ್ಲಿ ಮುಖ ಬದಲಾಯಿಸಿದ್ದನ್ನು ನಾನು ಅವನಿಗೆ ಹೇಳಿದ್ದೆ. ಹೇಗೆ ಬದಲಾಯಿಸಿದೆ ಅನ್ನುವುದನ್ನು ಹೇಳಿರಲಿಲ್ಲ.

"ಮೇಲ್ಗಡೆ ಬಣ್ಣ ಕೆರುದ್ರೆ," ಅಂದ, "ಕೆಳ್ಗೆ ನಮ್ಮೋಳು ಹಂಗೇ ಇರ್ತಾಳಲ್ವೇನ್ಲಾ? ಕುಣಿಗಲ್ ಏನ್ ದೂರ. ನಾಳೆ ಬೆಳಿಗ್ಗೆ ಗಾಡೀಲಿ ಹೋಗ್ಬರಾಣ ಬಾ."