ಮೀಸೆಯಕ್ಕನ ತಂಗಿ

ಬೆಳಗಿನ ಆರು ಗಂಟೆ. ಮಂಜು ಕವಿದು ನದಿಯ ಆಚೆ ದಡ ಕಾಣುತ್ತಿಲ್ಲ. ಐವತ್ತೆರಡರ ಈ ಮಹಿಳೆ ದೋಣಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಮರಗಟ್ಟಿದ ಬೆರಳುಗಳಿಗೆ ಬಿಸಿಯುಸಿರು ಊದಿಕೊಂಡು, ಗಾಳಕ್ಕೆ ಎರೆಹುಳು ಚುಚ್ಚುತ್ತಿದ್ದಾರೆ. ದಾರ ನೀರಿಗಿಳಿಯುತ್ತದೆ, ಆರು ಮಾರು ಆಳಕ್ಕೆ. ಅವರ ಕಣ್ಣು ಮಾತ್ರ ಪಕ್ಕದ ದೋಣಿಯ ಮೇಲೆ.

"ಅವಳಿಗೆ ಆಗಲೇ ಎರಡು ಬಿತ್ತು," ಎನ್ನುತ್ತಾರೆ.

ಅವಳು ಎಂದರೆ ಒಡಹುಟ್ಟಿದ ಅಕ್ಕ, ಮೂರು ವರ್ಷಕ್ಕೆ ದೊಡ್ಡವರು. ಉದ್ದ ಮೀಸೆಯ ಕ್ಯಾಟ್‌ಫಿಶ್ ಹಿಡಿಯುವುದರಲ್ಲಿ ಎತ್ತಿದ ಕೈ. ಹಾಗಾಗಿ ಮಾರುಕಟ್ಟೆಗೆಲ್ಲ ಮೀಸೆಯಕ್ಕ. ಇವರಿಗೆ ಅಲ್ಲಿ ಸ್ವಂತ ಹೆಸರೇ ಇಲ್ಲ, ಮೀಸೆಯಕ್ಕನ ತಂಗಿ, ಅಷ್ಟೆ. ಇಬ್ಬರಿಗೂ ಕಲಿಸಿದ್ದು ಅಪ್ಪ. ಇಬ್ಬರದೂ ಒಂದೇ ಅಳತೆಯ ದೋಣಿ. ಚಳಿಗಾಲದಲ್ಲಿ ಮೀನು ಆಳದ ಗುಂಡಿ ಸೇರಿ ಅಲ್ಲಾಡದೆ ಮಲಗುವ ನಾಲ್ಕು ತಿಂಗಳು ಮಾತ್ರ ಲೆಕ್ಕ ಬೇರೆ: ಅಕ್ಕನಿಗೆ ದಿನಕ್ಕೆ ಹನ್ನೆರಡು ಕಿಲೋ, ಇವರಿಗೆ ಐದು. ಮೂವತ್ತು ವರ್ಷದಿಂದ ಹೀಗೇ.

"ಹೊಟ್ಟೆಕಿಚ್ಚು ಅಂತಾನೇ ಬರೀರಿ. ಮೆತ್ತಗೆ ಮಾಡಿ ಬರೀಬೇಡಿ."

ಗಂಡ ತೀರಿಕೊಂಡ ಮೇಲೆ ಮಗಳನ್ನು ನರ್ಸಿಂಗ್ ಓದಿಸಿದ್ದು ಇದೇ ಗಾಳ. ಆ ಮಗಳ ಮದುವೆಯಲ್ಲಿ ಉಂಡವರೆಲ್ಲ ಮೀನು ಚೆನ್ನಾಗಿದೆ ಎಂದು ಹೊಗಳಿದ್ದು ಅಕ್ಕನನ್ನು. ಹಿಡಿದವರು ಇವರು. ಅದನ್ನು ಹೇಳುವಾಗ ಈಗಲೂ ಹಲ್ಲು ಕಚ್ಚುತ್ತಾರೆ.

ಕಳೆದ ಚಳಿಗಾಲ ಅಕ್ಕನ ಬಲ ಅಂಗೈಗೆ ಮೀನಿನ ರೆಕ್ಕೆಯ ಮುಳ್ಳು ಇಳಿದು ಕೈ ಮೊಣಕೈವರೆಗೆ ಬಾತುಕೊಂಡಿತು. ಆಸ್ಪತ್ರೆಗೆ ಸೇರಿಸಿದ್ದು ತಂಗಿಯೇ. ಮಾರನೆಯ ಬೆಳಿಗ್ಗೆ ಹೇಳದೆ ಕೇಳದೆ, ಅಕ್ಕ ದಿನಾ ಗಾಳ ಹಾಕುವ ಗುಂಡಿಗೆ ದೋಣಿ ಬಿಟ್ಟವರೂ ಅವರೇ. ಇಷ್ಟು ವರ್ಷವೂ ಎಲ್ಲ ಆ ಜಾಗದ ಮಹಿಮೆ ಎಂದುಕೊಂಡಿದ್ದರು. ಹತ್ತು ದಿನ ಕೂತರೂ ದಿನಕ್ಕೆ ಐದು ಕಿಲೋ ದಾಟಲಿಲ್ಲ.

ಕೊನೆಗೆ ತಡೆಯಲಾರದೆ ಆಸ್ಪತ್ರೆಯ ಮಂಚದ ಪಕ್ಕ ಕೂತು ಎಲ್ಲವನ್ನೂ ಒಪ್ಪಿಕೊಂಡರು. ಅಕ್ಕ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು ಎನ್ನುತ್ತಾರೆ ಇವರು. ಅಕ್ಕ ಹೇಳಿದ್ದು ಇಷ್ಟೇ: "ನೀನು ನಿನ್ನ ದಾರ ಎಲ್ಲಿ ನೋಡ್ತೀಯ? ನನ್ನ ದೋಣೀನೇ ನೋಡ್ತೀಯ. ಚಳೀಲಿ ಮೀನು ಮೊದಲು ಬರೀ ಮುಟ್ಟುತ್ತೆ ಕಣೆ. ಭಾರ ಬರೋವರೆಗೂ ಎಳೀಬೇಡ."

ಮರುದಿನ ದಾರ ಸಣ್ಣಗೆ ಅದುರಿತು. ಇವರು ಎಳೆಯದೆ ಕೂತರು. ಇನ್ನೊಮ್ಮೆ ಅದುರಿತು. ಆಮೇಲೆ, ಒದ್ದೆ ಮೂಟೆ ಕಟ್ಟಿದಂತೆ, ಭಾರ. ಮೇಲೆ ಬಂದ ಮೀನು ಒಂದೇ ಎಂಟು ಕಿಲೋ. ಮಾರುಕಟ್ಟೆಗೂ ಮೊದಲು ಆಸ್ಪತ್ರೆಗೆ ಓಡಿ, ಬಾಗಿಲಲ್ಲೇ ನಿಂತು ತೂಕ ಹೇಳಿದರು. ಅಕ್ಕ "ಎಂಟಾ?" ಎಂದವರು ಗೋಡೆ ಕಡೆ ಹೊರಳಿ ಮಲಗಿಬಿಟ್ಟರು.

ಅಕ್ಕನ ಬಲಗೈಯ ಮೂರು ಬೆರಳು ಈಗ ಮಡಚುವುದಿಲ್ಲ. ದಿನಾ ಬೆಳಿಗ್ಗೆ ಅವರ ಗಾಳಕ್ಕೆ ಹುಳು ಚುಚ್ಚಿ ಕೊಟ್ಟ ಮೇಲೆಯೇ ತಂಗಿ ತಮ್ಮ ದೋಣಿ ಹತ್ತುವುದು. ಅಕ್ಕ ಎಡಗೈಯಲ್ಲೇ ಹನ್ನೊಂದು ಕಿಲೋ ಹಿಡಿಯುತ್ತಾರೆ. ಇವರು ಏಳಕ್ಕೆ ಬಂದು ನಿಂತಿದ್ದಾರೆ.

ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಕಣ್ಣು ಮತ್ತೆ ಪಕ್ಕದ ದೋಣಿಗೆ ಹೋಗುತ್ತದೆ.

"ಅವತ್ತು ಎಂಟು ಕಿಲೋ ಅಂದಾಗ ಅವಳಿಗೆ ನನ್ನ ಮೇಲೆ ಹೊಟ್ಟೆ ಉರೀತು. ನಾನು ಕಣ್ಣಾರೆ ನೋಡ್ದೆ. ಇನ್ನೊಂದು ಸಲ ನೋಡ್ಬೇಕು, ಅಷ್ಟೆ."